ಮುಂಬಯಿಯ ಬಾಣಂತಿಗೆ ಯಾರಿದ್ದಾರೆ?

ನಮ್ಮ ಶಿರ್ವದ ಕಡೆ ಮನೆಗೊಬ್ಬರಾದರೂ ಮುಂಬಯಿಯಲ್ಲಿ ಇದ್ದೇ ಇರುತ್ತಾರೆ. ನನ್ನ ಮಗಳೂ ಮದುವೆಯಾಗಿ ಅಲ್ಲಿಗೇ ಹೋದವಳು. ಚೊಚ್ಚಲ ಹೆರಿಗೆಗೆ ತವರಿಗೆ ಬರುವುದು ವಾಡಿಕೆ. ಆದರೆ ಅವಳಿಗೆ ರಕ್ತದೊತ್ತಡ ಏರಿತ್ತು, ಡಾಕ್ಟರು ಪ್ರಯಾಣ ಬೇಡವೆಂದರು. ನಾನೇ ಕುಚ್ಚಲಕ್ಕಿ, ಮೆಂತೆ, ತೆಂಗಿನೆಣ್ಣೆ, ಲೇಹ್ಯದ ಭರಣಿ ಕಟ್ಟಿಕೊಂಡು ಉಡುಪಿಯಲ್ಲಿ ಮತ್ಸ್ಯಗಂಧ ರೈಲು ಹತ್ತಿದೆ.

ಹೆರಿಗೆ ಸುಸೂತ್ರವಾಗಿಯೇ ಆಯಿತು. ಕಷ್ಟ ಶುರುವಾದದ್ದು ಮನೆಗೆ ಬಂದ ಮೇಲೆ. ಐದನೇ ಮಹಡಿಯ ಒಂದು ಕೋಣೆಯ ಮನೆ. ಅಳಿಯ ಬೆಳಿಗ್ಗೆ ಏಳಕ್ಕೆ ಲೋಕಲ್ ಹಿಡಿದರೆ ಬರುವುದು ರಾತ್ರಿ ಒಂಬತ್ತಕ್ಕೆ. ಎದೆಗೆ ಹಿಡಿದ ಕೂಡಲೇ ಮಗು ಕಿರುಚುತ್ತಿತ್ತು. ಮಗಳ ಮೊಲೆತೊಟ್ಟು ಬಿರಿದು ರಕ್ತ ಬರುತ್ತಿತ್ತು. ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತು "ಹಾಲು ಸಾಲದು" ಎಂದಳು. ನಾಚಿಕೆಯಾದರೂ ಹೇಳುತ್ತೇನೆ, ನಾನೂ ಹಾಗೆಯೇ ಹೇಳಿದೆ. ರಾತ್ರಿ ಹತ್ತು ಗಂಟೆಗೆ ಡಬ್ಬದ ಹಾಲಿನ ಪುಡಿ ತರಲು ಅಳಿಯನನ್ನು ಓಡಿಸಿದ್ದೂ ನಾನೇ. ಮಗಳು ಗೋಡೆಯ ಕಡೆ ತಿರುಗಿ, "ಅಮ್ಮಾ, ನನ್ನಿಂದ ಇಷ್ಟೂ ಆಗುವುದಿಲ್ಲವಾ?" ಎಂದು ಅತ್ತಳು.

ಎರಡು ಮಕ್ಕಳನ್ನು ಸಾಕಿದ ನಿಮಗೆ ಇದು ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ನನ್ನ ಬಾಣಂತನದಲ್ಲಿ ಮಗುವನ್ನು ಎದೆಗೆ ಹಿಡಿಸುತ್ತಿದ್ದವರು ಅಜ್ಜಿ ಮತ್ತು ದೊಡ್ಡಮ್ಮ. ಅವರ ಕೈ ಏನು ಮಾಡಿತೆಂದು ನಾನು ನೋಡಿಯೇ ಇರಲಿಲ್ಲ!

ಕೊನೆಗೆ ನೆರವಾದವರು ಎರಡನೇ ಮಹಡಿಯ ಒಬ್ಬ ನಿವೃತ್ತ ನರ್ಸ್. ಬಂದವರೇ ಮಗುವಿನ ಬಾಯಿ ನೋಡಿದರು. ತೊಟ್ಟು ಮಾತ್ರ ಬಾಯಲ್ಲಿತ್ತು. ಮಗುವಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗುವಂತೆ ತಿರುಗಿಸಿ, ಅದು ಬಾಯಿ ದೊಡ್ಡದಾಗಿ ತೆರೆಯುವ ತನಕ ಕಾದು, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಆದಷ್ಟು ಒಳಗೆ ಹೋಗುವಂತೆ ಹಿಡಿಸಿದರು. ಗಲ್ಲ ಎದೆಗೆ ಒತ್ತಿರಬೇಕಂತೆ. ಸ್ವಲ್ಪ ಹೊತ್ತಿಗೆ ಮಗು ನುಂಗುವ ಸದ್ದು ಕೇಳಿತು. ಮಗಳ ಮುಖದ ಬಿಗಿ ಸಡಿಲಿತು.

ಹಾಲು ಸಾಲುತ್ತದೋ ಇಲ್ಲವೋ ಎಂದು ಅಳುವಿನಿಂದ ಹೇಳಲಾಗದು, ಒದ್ದೆಬಟ್ಟೆ ಎಣಿಸಿ ಎಂದರು ಆಕೆ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಅಥವಾ ಹೆಚ್ಚು ಸಲ ಒದ್ದೆಯಾದರೆ, ತೂಕ ಏರುತ್ತಿದ್ದರೆ ಚಿಂತೆಯಿಲ್ಲ. ಮಗು ಚೀಪಿದಷ್ಟೂ ಹಾಲು ಕೂಡುತ್ತದೆ; ಬಾಟಲಿಯಲ್ಲಿ ಹೊಟ್ಟೆ ತುಂಬಿಸಿದರೆ ಎದೆಯಲ್ಲಿ ಕಡಿಮೆಯಾಗುತ್ತದೆ. ಆರು ತಿಂಗಳ ತನಕ ನೀರೂ ಬೇಡ. ನನ್ನ ಮೆಂತೆ ಗಂಜಿಯನ್ನು ಆಕೆ ಬೇಡವೆನ್ನಲಿಲ್ಲ, "ತಾಯಿ ಚೆನ್ನಾಗಿ ಉಣ್ಣಲಿ, ಹಾಲು ಬರಿಸುವುದು ಮಾತ್ರ ಮಗುವೇ" ಎಂದು ನಕ್ಕರು. ಎದೆ ಕೆಂಪಾಗಿ ಗಟ್ಟಿಯಾಗಿ ಜ್ವರ ಬಂದರೆ, ಮಗುವಿನ ತೂಕ ಏರದಿದ್ದರೆ ಮನೆಮದ್ದು ಬಿಟ್ಟು ಡಾಕ್ಟರಲ್ಲಿಗೆ ಹೋಗಬೇಕು. ಅವರೇ ಪುಡಿ ಹಾಲು ಬೇಕೆಂದರೆ ಅದರಲ್ಲಿ ನಾಚಿಕೆಯೇನೂ ಇಲ್ಲ.

ಅದೇ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲೇ ತಾಯಂದಿರ ಹಾಲಿನ ಬ್ಯಾಂಕ್ ಆರಂಭಿಸಿದ್ದರು. ಏಷ್ಯಾದಲ್ಲಿ ಅದೇ ಮೊದಲನೆಯದು. ಹೆಚ್ಚು ಹಾಲಿರುವ ತಾಯಂದಿರು ಕೊಟ್ಟದ್ದನ್ನು ಪರೀಕ್ಷಿಸಿ, ಕಾಯಿಸಿ, ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ಕೊಡುತ್ತಾರೆ. ನಮ್ಮ ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆಯಲ್ಲೂ 2022ರಲ್ಲಿ ಇಂಥ ಬ್ಯಾಂಕ್ ಶುರುವಾಯಿತು. ಅಷ್ಟು ದೊಡ್ಡ ಏರ್ಪಾಡು ಇರುವ ಊರಿನಲ್ಲಿ, ಐದನೇ ಮಹಡಿಯ ಬಾಣಂತಿಗೆ ಮಗುವನ್ನು ಹೀಗೆ ಹಿಡಿ ಎಂದು ತೋರಿಸಲು ಒಂದು ಕೈ ಸಿಗಲಿಲ್ಲ ನೋಡಿ. ನಮ್ಮೂರಲ್ಲಾದರೆ ಆಶಾ ಕಾರ್ಯಕರ್ತೆ ಮೂರನೇ ದಿನದಿಂದ ನಲವತ್ತೆರಡನೇ ದಿನದೊಳಗೆ ಆರು ಸಲ ಮನೆಗೆ ಬರಬೇಕೆಂಬ ಕ್ರಮವಿದೆ. ಮಗಳ ಕಟ್ಟಡಕ್ಕೆ ಯಾರೂ ಬರಲಿಲ್ಲ.

ಇನ್ನು ಕೆಲಸದ ಮಾತು. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೇರಿದೆ. ಮಗಳಿಗೆ ಅದು ಸಿಕ್ಕಿತು. ನಾಲ್ಕು ಜನರಿರುವ ಅಂಗಡಿಯಲ್ಲಿ ದುಡಿಯುವವಳಿಗೆ ಅದೂ ಇಲ್ಲ. ರಜೆ ಮುಗಿದ ಮೇಲೆ ಹಾಲನ್ನು ಶುಭ್ರವಾದ ಪಾತ್ರೆಗೆ ಹಿಂಡಿಟ್ಟು ಹೋಗುವುದನ್ನೂ ನರ್ಸ್ ಕಲಿಸಿದರು: ಹೊರಗೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ಒಂದು ದಿನ. ಒಲೆಯ ಮೇಲೆ ಕುದಿಸಬಾರದು, ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ ಚಮಚದಿಂದ ಕುಡಿಸುವುದು.

ನಾನು ಊರಿಗೆ ಮರಳುವಾಗ ಮಗುವಿಗೆ ಮೂರು ತಿಂಗಳು. ಪುಡಿಯ ಡಬ್ಬ ಅರ್ಧವೂ ಮುಗಿದಿರಲಿಲ್ಲ. ಮೊನ್ನೆ ಮಗಳು ಫೋನ್ ಮಾಡಿದ್ದಳು. ಮೂರನೇ ಮಹಡಿಗೆ ಹೊಸ ಬಾಣಂತಿ ಬಂದಿದ್ದಾಳಂತೆ, ಬಿಹಾರದವಳು, ಜೊತೆಗೆ ಯಾರೂ ಇಲ್ಲ. "ನಾನು ಹೋಗಿ ಹಿಡಿಸಿ ಬಂದೆ ಅಮ್ಮಾ" ಎಂದಳು.