ತಂಪನ್ನು ಬಯಸುವ ಹಾವು

ಶ್ರಾವಣದಲ್ಲಿ ಪಂಚಮಿ ಬಂದಿತೆಂದರೆ ಬೀಳಗಿಯ ಮನೆಮನೆಗಳಲ್ಲಿ ಉಂಡಿ ಕಟ್ಟುವ ಸಡಗರ, ಮರಗಳಲ್ಲಿ ಜೋಕಾಲಿ. ಹೆಂಗಳೆಯರು ಹುತ್ತಕ್ಕೆ ಹಾಲೆರೆದು, ಅಳ್ಳು ಚೆಲ್ಲಿ, ಕೈಮುಗಿದು ಬರುತ್ತಾರೆ. ಹಾವನ್ನು ಪೂಜಿಸುವ ಈ ನಾಡಿನಲ್ಲಿ ಅದನ್ನು ಸಾಕುವ ಮಾತು ಹಾವಾಡಿಗರ ಬುಟ್ಟಿಯ ಹೊರಗೆ ಹುಟ್ಟಿದುದು ವಿರಳ. ಆದರೆ ಈಗಿನ ಮಕ್ಕಳು ಅಮೆರಿಕ, ಇಂಗ್ಲೆಂಡುಗಳ ಮನೆಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಹಾವುಗಳು ಬೆಳೆಯುವುದನ್ನು ಚಿತ್ರಗಳಲ್ಲಿ ಕಾಣುತ್ತಾರೆ. ಅಲ್ಲಿ ನೆಲಸಿದ ಕನ್ನಡ ಮನೆಗಳ ಮಕ್ಕಳು ತಮಗೂ ಅಂಥದೊಂದು ಬೇಕೆಂದು ಹಟ ಹಿಡಿದರೆ ಆಶ್ಚರ್ಯವಿಲ್ಲ. ಆಗ ಹಿರಿಯರ ಮುಂದೆ ನಿಲ್ಲುವ ಪ್ರಶ್ನೆ ಇದು: ಹಗಲಿರುಳೂ ದೀಪದ ಕಾವನ್ನು ಕೇಳದೆ, ತಂಪಿನಲ್ಲಿಯೇ ಸುಖವಾಗಿರುವ ಹಾವು ಯಾವುದಾದರೂ ಉಂಟೆ?

ಉಂಟು. ಆದರೆ ತಂಪನ್ನು ತಾಳುವುದು ಬೇರೆ, ತಂಪಿನಲ್ಲಿ ಬಾಳುವುದು ಬೇರೆ ಎಂಬುದನ್ನು ಮೊದಲು ಅರಿಯಬೇಕು.

ಕಾವಿನ ಲೆಕ್ಕ

ಮನುಷ್ಯನ ಮೈಯಲ್ಲಿ ಒಂದು ಒಲೆ ಸದಾ ಉರಿಯುತ್ತಿರುತ್ತದೆ. ಚಳಿಯಿರಲಿ, ಸೆಕೆಯಿರಲಿ, ಅವನ ಮೈಕಾವು ಸುಮಾರು ೩೭ ಡಿಗ್ರಿ ಸೆಂಟಿಗ್ರೇಡಿನ ಬಳಿಯೇ ನಿಲ್ಲುತ್ತದೆ. ಹಾವಿಗೆ ಅಂಥ ಒಲೆಯಿಲ್ಲ. ಅದು ಬಿಸಿಲಿನಿಂದಲೂ ಕಾದ ಕಲ್ಲಿನಿಂದಲೂ ಕಾವನ್ನು ಎರವಲು ಪಡೆಯುತ್ತದೆ. ಹೆಚ್ಚಾಯಿತೆಂದರೆ ನೆರಳಿಗೋ ಬಿಲಕ್ಕೋ ಸರಿಯುತ್ತದೆ. ನುಂಗಿದ ಇಲಿ ಅರಗುವುದಕ್ಕೂ ಈ ಎರವಲಿನ ಕಾವೇ ಬೇಕು. ಅದು ಸಾಲದಿದ್ದರೆ ಆಹಾರ ಹೊಟ್ಟೆಯಲ್ಲಿಯೇ ಕೊಳೆಯತೊಡಗಿ, ಹಾವು ಅದನ್ನು ಕಾರಿಕೊಳ್ಳುತ್ತದೆ. ಬಹುಕಾಲ ಶೈತ್ಯದಲ್ಲಿಟ್ಟರೆ ಉಸಿರಾಟದ ರೋಗ ತಗಲುತ್ತದೆ.

ಚಳಿನಾಡಿನ ಹಾವುಗಳೂ ಈ ನಿಯಮಕ್ಕೆ ಹೊರತಲ್ಲ. ಕೆನಡಾದ ಮ್ಯಾನಿಟೋಬಾ ಪ್ರಾಂತದಲ್ಲಿ ಚಳಿಗಾಲದ ಉಷ್ಣತೆ ಸೊನ್ನೆಗಿಂತ ೩೦ ಡಿಗ್ರಿ ಕೆಳಗಿಳಿಯುವುದುಂಟು. ಅಲ್ಲಿನ ನಾರ್ಸಿಸ್ ಎಂಬ ಎಡೆಯಲ್ಲಿ ಗಾರ್ಟರ್ ಹಾವುಗಳು ಸುಣ್ಣಕಲ್ಲಿನ ಬಿರುಕುಗಳೊಳಗೆ, ಹಿಮ ತಲಪದಷ್ಟು ಆಳದಲ್ಲಿ, ಸಾವಿರಾರು ಸಂಖ್ಯೆಯಲ್ಲಿ ಒಟ್ಟಾಗಿ ಚಳಿಗಾಲವನ್ನು ಕಳೆಯುತ್ತವೆ. ವಸಂತದಲ್ಲಿ ಹೊರಬಂದೊಡನೆ ಅವುಗಳ ಮೊದಲ ಕೆಲಸ ಬಿಸಿಲು ಕಾಯಿಸುವುದು.

ಪರದೇಶದ ಎರಡು ಹಾವುಗಳು

ಪರದೇಶಗಳಲ್ಲಿ ಸಾಧಾರಣ ಮನೆಯ ತಂಪಿಗೆ ಒಗ್ಗುವುವೆಂದು ಹೆಸರಾದವು ಮುಖ್ಯವಾಗಿ ಎರಡು. ಒಂದು ಈ ಗಾರ್ಟರ್ ಹಾವು. ಎರಡು ಮೂರು ಅಡಿ ಬೆಳೆಯುವ, ಎರೆಹುಳು ಮೀನುಗಳನ್ನು ತಿನ್ನುವ, ಚುರುಕಾದ ಪ್ರಾಣಿ. ಇನ್ನೊಂದು ಅಮೆರಿಕದ ಕಾರ್ನ್ ಹಾವು. ಮೆಕ್ಕೆಜೋಳದ ತೆನೆಯನ್ನು ನೆನಪಿಸುವ ಚಿತ್ತಾರ ಅದರ ಹೊಟ್ಟೆಯ ಮೇಲೆ; ವಿಷವಿಲ್ಲ, ಸ್ವಭಾವ ಸೌಮ್ಯ. ಪೆಟ್ಟಿಗೆಯ ಒಂದು ತುದಿ ಸುಮಾರು ೨೯ ಡಿಗ್ರಿಯಷ್ಟು ಬೆಚ್ಚಗಿದ್ದು, ಇನ್ನೊಂದು ತುದಿ ೨೨ ಡಿಗ್ರಿಯ ಸುಮಾರಿಗೆ ತಂಪಾಗಿದ್ದರೆ ಅದಕ್ಕೆ ಸಾಕು. ಹಾವು ತನಗೆ ಬೇಕಾದಾಗ ಬೇಕಾದ ಕಡೆಗೆ ಸರಿದುಕೊಳ್ಳುತ್ತದೆ. ಆರಿಸುವವನು ಯಜಮಾನನಲ್ಲ, ಹಾವು ಎಂಬುದೇ ಹಾವು ಸಾಕುವ ವಿದ್ಯೆಯ ಸಾರ.

ಆದರೂ ಮನೆಯವರು ಎರಡು ಸಂಗತಿಗಳನ್ನು ಯೋಚಿಸಬೇಕು. ಕಾರ್ನ್ ಹಾವು ಹದಿನೈದು ಇಪ್ಪತ್ತು ವರುಷ ಬದುಕುತ್ತದೆ. ಹಟ ಹಿಡಿದ ಮಗು ಓದು ಮುಗಿಸಿ ಬೇರೆ ಊರಿಗೆ ಹೋದ ಮೇಲೂ ಅದು ಮನೆಯಲ್ಲಿಯೇ ಇರುತ್ತದೆ. ಅದರ ಆಹಾರ ಇಲಿ. ಪಂಚಮಿಯ ಹಾಲು ಭಕ್ತಿಯ ಕಾಣಿಕೆಯೇ ಹೊರತು ಹಾವಿನ ಆಹಾರವಲ್ಲ. ಸಸ್ಯಾಹಾರಿ ಮನೆಯ ಶೀತಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿದ ಇಲಿಗಳಿಗೆ ಜಾಗ ಕೊಡಲು ಅಜ್ಜಿ ಒಪ್ಪುವಳೇ ಎಂಬುದನ್ನು ಮೊದಲೇ ಕೇಳಿಕೊಳ್ಳುವುದು ಲೇಸು.

ನಮ್ಮ ನೆಲದ ಕಾನೂನು

ಬೀಳಗಿಯಲ್ಲಿ ಮಾತ್ರ ಪ್ರಶ್ನೆಯೇ ಬೇರೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನಮ್ಮ ನಾಡಿನ ಹಾವುಗಳನ್ನು ಹಿಡಿದು ಸಾಕುವಂತಿಲ್ಲ. ಹಾವಾಡಿಗರ ಪುಂಗಿ ಸದ್ದಡಗಿದುದಕ್ಕೆ ಈ ಕಾಯಿದೆಯೂ ಒಂದು ಕಾರಣ. ೨೦೨೨ರಲ್ಲಿ ಆದ ತಿದ್ದುಪಡಿಯಿಂದ ನಾಗರಹಾವು, ಕೇರೆಹಾವುಗಳು ಸಹ ಮೊದಲನೆಯ ಅನುಸೂಚಿಗೆ ಸೇರಿದವು. ಆ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ಅಪರಾಧವೆಸಗಿದವರಿಗೆ ಮೂರರಿಂದ ಏಳು ವರುಷಗಳ ಸೆರೆ, ಮೇಲೆ ದಂಡ. ಹೆಬ್ಬಾವಿನ ಜಾತಿಯ ವಿದೇಶಿ ಹಾವುಗಳನ್ನು ಇಟ್ಟುಕೊಂಡವರು ೨೦೨೪ರ ನಿಯಮಗಳಂತೆ ಸರಕಾರದಲ್ಲಿ ನೋಂದಾಯಿಸಬೇಕು.

ಈ ಕಾನೂನಿನ ಅರಿವಿಲ್ಲದೆ ಕೆಡುವವರಿದ್ದಾರೆ. ಉತ್ತರ ಕರ್ನಾಟಕದ ಒಣನೆಲದಲ್ಲಿ ಮಣ್ಣುಮುಕ್ಕ ಹಾವೆಂಬುದೊಂದುಂಟು. ಅದರ ಮೊಂಡು ಬಾಲ ತಲೆಯಂತೆಯೇ ತೋರುವುದರಿಂದ ಜನ ಅದನ್ನು ‘ಎರಡು ತಲೆಯ ಹಾವು’ ಎನ್ನುತ್ತಾರೆ. ವೈರಿಯ ಪೆಟ್ಟು ನಿಜವಾದ ತಲೆಗೆ ಬೀಳದಿರಲೆಂದು ಪ್ರಕೃತಿ ಕೊಟ್ಟ ಉಪಾಯವದು. ಆದರೆ ಇದು ಮನೆಯಲ್ಲಿದ್ದರೆ ಸಂಪತ್ತು ಉಕ್ಕುವುದೆಂದೂ, ಲಕ್ಷಗಟ್ಟಲೆ ಬೆಲೆಗೆ ಕೊಳ್ಳುವವರಿದ್ದಾರೆಂದೂ ಹಬ್ಬಿಸಿ ವಂಚಕರು ಬಡವರಿಂದ ಅದನ್ನು ಹಿಡಿಸುತ್ತಾರೆ. ಕೊನೆಗೆ ಹಾವು ಸಾಯುತ್ತದೆ; ಹಿಡಿದವನು ಸೆರೆಮನೆ ಸೇರುತ್ತಾನೆ; ಸಂಪತ್ತು ಯಾರ ಮನೆಗೂ ಬರುವುದಿಲ್ಲ.

ವಿಚಿತ್ರವೆಂದರೆ, ತಂಪನ್ನು ಹುಡುಕುವ ಹಾವಿಗೆ ಈ ಮಣ್ಣುಮುಕ್ಕವೇ ಒಳ್ಳೆಯ ಉದಾಹರಣೆ. ಕೃಷ್ಣಾ ಘಟಪ್ರಭಾ ನದಿಗಳ ನಡುವಣ ಈ ಸೀಮೆಯಲ್ಲಿ ಬೇಸಗೆಯ ಬಿಸಿಲು ೪೦ ಡಿಗ್ರಿಯನ್ನು ಮುಟ್ಟುತ್ತದೆ. ಹಾವಿಗೆ ಇಲ್ಲಿ ಚಳಿಗಿಂತ ಸೆಕೆಯೇ ಹೆಚ್ಚಿನ ಮೃತ್ಯು. ಮಣ್ಣುಮುಕ್ಕ ಹಗಲೆಲ್ಲ ಸಡಿಲವಾದ ಮಣ್ಣಿನೊಳಗೆ ಹುದುಗಿದ್ದು, ಇರುಳು ತಂಪಾದ ಮೇಲೆ ಇಲಿಗಳ ಬೇಟೆಗೆ ಹೊರಡುತ್ತದೆ. ಅದನ್ನು ತಗಡಿನ ಡಬ್ಬಿಯಲ್ಲಿಟ್ಟು ಬಿಸಿಲಿನಲ್ಲಿ ಸಾಗಿಸುವವರು ಕಸಿದುಕೊಳ್ಳುವುದು ಅದರ ಈ ಒಂದೇ ಆಸರೆಯನ್ನು.

ಇದೇ ಮಾತು ಮಲೆನಾಡಿನ ಕಾಳಿಂಗನಿಗೂ ಸಲ್ಲುತ್ತದೆ. ಆಗುಂಬೆಯ ಮಳೆಕಾಡಿನಲ್ಲಿ ರೋಮುಲಸ್ ವಿಟೇಕರ್ ಅವರು ೨೦೦೫ರಲ್ಲಿ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. ಪಶ್ಚಿಮ ಘಟ್ಟಗಳ ಕಾಳಿಂಗ ಸರ್ಪವು ಬೇರೆಯೇ ಪ್ರಭೇದವೆಂದು ೨೦೨೪ರಲ್ಲಿ ವಿಜ್ಞಾನಿಗಳು ಸಾರಿ, ಅದರ ಶಾಸ್ತ್ರೀಯ ನಾಮದಲ್ಲಿ ‘ಕಾಳಿಂಗ’ ಎಂಬ ನಮ್ಮ ನುಡಿಯನ್ನೇ ಉಳಿಸಿದರು. ಆ ಕಾಡಿನ ತಂಪನ್ನು ಯಾವ ಪೆಟ್ಟಿಗೆಯಲ್ಲಿ ತುಂಬಲಾದೀತು?

ಬೀಳಗಿಯ ಮಗುವಿಗೆ ಹಾವಿನ ಮೇಲೆ ಪ್ರೀತಿಯಿದ್ದರೆ ಅದಕ್ಕೂ ದಾರಿಯುಂಟು. ಹೊಲದ ಅಂಚಿನ ಹುತ್ತವನ್ನು ಅಗೆಯದೆ ಬಿಡುವುದು. ಮನೆಯೊಳಗೆ ಹಾವು ಬಂದರೆ ಬಡಿಗೆ ಎತ್ತದೆ, ಮಕ್ಕಳನ್ನು ದೂರವಿರಿಸಿ, ಅರಣ್ಯ ಇಲಾಖೆಗೆ ಹೇಳಿಕಳಿಸುವುದು. ಯಾರಿಗಾದರೂ ಕಚ್ಚಿದರೆ ಗಾಯವನ್ನು ಕೊಯ್ಯದೆ, ಮಂತ್ರ ತಂತ್ರಗಳಿಗೆ ಕಾಯದೆ, ಕೂಡಲೆ ಆಸ್ಪತ್ರೆಗೆ ಒಯ್ಯುವುದು. ಹುತ್ತದ ಹಾವು ಸಾಕದೆಯೇ ಸಾಕಿದಂತೆ. ಅದು ಬಾಡಿಗೆ ಕೇಳದು, ದೀಪ ಕೇಳದು; ಹಗೇವಿನ ಜೋಳ ತಿನ್ನುವ ಇಲಿಯನ್ನು ಮಾತ್ರ ಕೇಳುತ್ತದೆ. ತನಗೆ ಬೇಕಾದ ತಂಪನ್ನು ತಾನೇ ಹುಡುಕಿಕೊಳ್ಳುತ್ತದೆ.