ನ್ಯೂರೆಂಬರ್ಗಿನ ಪೇಟೆಚೌಕ

ಜರ್ಮನಿ ದೇಶದ ಹಳೆಯ ಪಟ್ಟಣಗಳಲ್ಲಿ ಊರ ನಟ್ಟನಡುವೆ ವಿಶಾಲವಾದ ಒಂದು ಚೌಕವಿರುವುದು ವಾಡಿಕೆ. ಕಲ್ಲು ಹಾಸಿದ ಬಯಲು, ಅದರ ಮಗ್ಗುಲಲ್ಲಿ ಇಗರ್ಜಿ, ಸುತ್ತ ವರ್ತಕರ ಮನೆಗಳು, ಒಂದು ಕಡೆ ನೀರಿನ ಕಾರಂಜಿ. ರೈತರು ತಂದ ತರಕಾರಿ ಬಿಕರಿಯಾಗುವುದೂ ಅಲ್ಲಿಯೇ, ಅರಸನ ಆಜ್ಞೆಯನ್ನು ಜನರಿಗೆ ಸಾರುತ್ತಿದ್ದುದೂ ಅಲ್ಲಿಯೇ. ಇಂಥ ಚೌಕವನ್ನು ಕಂಡವರು ಅದರ ಸುತ್ತಣ ಕಟ್ಟಡಗಳನ್ನು ಕುರಿತು ಕೇಳುತ್ತಾರೆಯೇ ಹೊರತು, ನಡುವಣ ಬಯಲು ಎಲ್ಲಿಂದ ಬಂತೆಂದು ಕೇಳುವವರು ಕಡಮೆ. ಬವೇರಿಯಾ ಪ್ರಾಂತ್ಯದ ನ್ಯೂರೆಂಬರ್ಗ್ ನಗರದ ಪೇಟೆಚೌಕದ ವಿಷಯದಲ್ಲಾದರೋ, ಮೊದಲು ಕೇಳಬೇಕಾದ ಪ್ರಶ್ನೆಯೇ ಅದು.

ನ್ಯೂರೆಂಬರ್ಗಿನ ಹೆಸರು ದಾಖಲೆಗಳಲ್ಲಿ ಮೊದಲು ಕಾಣುವುದು ಕ್ರಿ. ಶ. 1050ರಲ್ಲಿ. ಪೆಗ್ನಿಟ್ಸ್ ಎಂಬ ಹೊಳೆ ಊರನ್ನು ಎರಡು ಪಾಲು ಮಾಡಿ ಹರಿಯುತ್ತದೆ. ಉತ್ತರದ ಪಾಲಿನಲ್ಲಿ ಗುಡ್ಡದ ಮೇಲೆ ಚಕ್ರವರ್ತಿಗಳ ಕೋಟೆ. ಅದರ ಇಳಿಜಾರಿನಲ್ಲಿ ಸಂತ ಸೆಬಾಲ್ಡನ ಹೆಸರಿನ ಇಗರ್ಜಿ. ದಕ್ಷಿಣದ ಪಾಲಿನಲ್ಲಿ ಸಂತ ಲೊರೆನ್ಸನ ಇಗರ್ಜಿ. ಇವೆರಡರ ನಡುವೆ ಹೊಳೆಯಂಚಿನ ನೆಲ ತಗ್ಗು, ಜೌಗು. ಬೇರೆಯವರಿಗೆ ಬೇಡವಾಗಿದ್ದ ಆ ನೆಲದಲ್ಲಿ ಯೆಹೂದ್ಯರು ಮನೆಗಳನ್ನು ಕಟ್ಟಿಕೊಂಡಿದ್ದರು. 1296ರಲ್ಲಿ ಅವರ ಪ್ರಾರ್ಥನಾಮಂದಿರವೂ ಅಲ್ಲಿ ಎದ್ದಿತು. ಮುಂದೆ ಎರಡು ಪಾಲುಗಳೂ ಒಂದೇ ಕೋಟೆಗೋಡೆಯೊಳಗೆ ಸೇರಿದವು. ಆಗ ಜೌಗುನೆಲ ಊರ ಅಂಚಾಗಿ ಉಳಿಯಲಿಲ್ಲ, ಊರ ಹೃದಯವಾಯಿತು. ವ್ಯಾಪಾರದಿಂದ ಬೆಳೆಯುತ್ತಿದ್ದ ನಗರದ ಹಿರಿಯರ ಕಣ್ಣು ಅದರ ಮೇಲೆ ಬಿದ್ದಿತು.

ಆ ಕಾಲದಲ್ಲಿ ಯೆಹೂದ್ಯರು ಅರಸನಿಗೆ ನೇರವಾಗಿ ತೆರಿಗೆ ತೆರುತ್ತಿದ್ದರು; ಅದಕ್ಕೆ ಪ್ರತಿಯಾಗಿ ಅವರ ರಕ್ಷಣೆ ಅರಸನ ಹೊಣೆ. ನಾಲ್ಕನೆಯ ಚಾರ್ಲ್ಸ್ ದೊರೆ ಈ ಹೊಣೆಯನ್ನು ನಿರ್ವಹಿಸಿದ ಬಗೆ ಕೇಳತಕ್ಕದ್ದಾಗಿದೆ. ಯೂರೋಪಿನಲ್ಲಿ ಪ್ಲೇಗು ಹಬ್ಬುತ್ತಿದ್ದ ವರುಷಗಳವು. ಬಾವಿಗಳಿಗೆ ವಿಷ ಹಾಕಿದವರು ಯೆಹೂದ್ಯರೇ ಎಂಬ ಸುಳ್ಳು ಊರಿಂದೂರಿಗೆ ಓಡುತ್ತಿತ್ತು. 1349ರ ಬೇಸಿಗೆಯಲ್ಲಿ ದೊರೆ, ನ್ಯೂರೆಂಬರ್ಗಿನ ಯೆಹೂದ್ಯರು ಮುಂದೆ ಹತರಾದಾಗ ಅವರ ಉತ್ತಮವಾದ ಮನೆಗಳಲ್ಲಿ ಮೂರು ಸಲ್ಲತಕ್ಕದ್ದೆಂದು ಬ್ರಾಂಡೆನ್‌ಬುರ್ಗಿನ ಸಾಮಂತನಿಗೆ ಬರೆದುಕೊಟ್ಟ. ಕೊಲೆ ಇನ್ನೂ ನಡೆದಿರಲಿಲ್ಲ. ಸೊತ್ತಿನ ಹಂಚಿಕೆ ಆಗಲೇ ಮುಗಿದಿತ್ತು! ಅದೇ ವರ್ಷ ನವೆಂಬರ್ 16ರಂದು ನಗರಸಭೆಗೆ ಮತ್ತೊಂದು ಶಾಸನ ದೊರೆಯಿತು: ಯೆಹೂದ್ಯರ ಮನೆಗಳನ್ನು ಕೆಡವಿ ಅಲ್ಲಿ ಪೇಟೆಗೆಂದು ಬಯಲು ಮಾಡಬಹುದು, ಪ್ರಾರ್ಥನಾಮಂದಿರದ ಜಾಗದಲ್ಲಿ ಮಾತೆ ಮೇರಿಯ ಇಗರ್ಜಿಯನ್ನು ಕಟ್ಟಬೇಕು. ಡಿಸೆಂಬರ್ 5ರಂದು ಹತ್ಯಾಕಾಂಡ ನಡೆಯಿತು. ಕಡಮೆಯೆಂದರೂ 562 ಮಂದಿ ಸತ್ತರು. ಮನೆಗಳು ನೆಲಸಮವಾದವು. ಇಂದು ಹೌಪ್ಟ್‌ಮಾರ್ಕ್ಟ್, ಎಂದರೆ ಮುಖ್ಯ ಪೇಟೆ, ಎಂದು ಕರೆಯುವ ಚೌಕ ಹುಟ್ಟಿದ್ದು ಹೀಗೆ.

ಇಷ್ಟನ್ನು ತಿಳಿದ ಮೇಲೆ ಚೌಕದ ಕಟ್ಟಡಗಳನ್ನು ನೋಡೋಣ. ಅವು ಚೆಲುವಾಗಿವೆ ಎಂಬುದರಲ್ಲಿ ಸಂದೇಹವಿಲ್ಲ. ಮೂಡಣ ಮಗ್ಗುಲಲ್ಲಿ ನಿಂತಿರುವುದೇ ಮೇರಿಯ ಇಗರ್ಜಿ, ಫ್ರೌಯೆನ್‌ಕಿರ್ಷೆ. 1352ರಿಂದ 1362ರ ವರೆಗೆ ಅದರ ಕೆಲಸ ನಡೆಯಿತು. ಸಾಮಾನ್ಯವಾಗಿ ದೊಡ್ಡ ಇಗರ್ಜಿಗಳಲ್ಲಿ ನಡುವಣ ಅಂಕಣ ಎತ್ತರ, ಎರಡು ಪಕ್ಕದವು ತಗ್ಗು. ಇಲ್ಲಿ ಮೂರೂ ಒಂದೇ ಎತ್ತರ. ಹೆಚ್ಚುಕಡಮೆ ಚೌಕಾಕಾರದ ಸಭಾಂಗಣದಲ್ಲಿ ನಾಲ್ಕೇ ಕಂಬಗಳು ಒಂಬತ್ತು ಕಮಾನುಚಾವಣಿಗಳನ್ನು ಹೊತ್ತಿವೆ. ಪೇಟೆಗೆ ಎದುರಾದ ಮುಂಗೋಡೆ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ ಮೊನೆಯಾಗುತ್ತದೆ. ಬಾಗಿಲ ಮಂಟಪದ ಮೇಲೊಂದು ಉಪ್ಪರಿಗೆ. ಅಷ್ಟರಲ್ಲಿ ಚಕ್ರವರ್ತಿಯಾಗಿದ್ದ ಚಾರ್ಲ್ಸ್, 1361ರಲ್ಲಿ ತನ್ನ ಮಗನ ನಾಮಕರಣದ ಸಂದರ್ಭದಲ್ಲಿ, ಸಾಮ್ರಾಜ್ಯದ ಪವಿತ್ರ ವಸ್ತುಗಳನ್ನು ಆ ಉಪ್ಪರಿಗೆಯಿಂದಲೇ ಜನರಿಗೆ ತೋರಿಸಿದನು. ಇಗರ್ಜಿ ದೇವರ ಮನೆಯೂ ಹೌದು, ಅರಸುತನದ ರಂಗಸ್ಥಳವೂ ಹೌದು.

ಅದೇ ಮುಂಗೋಡೆಯಲ್ಲಿ 1506ರಿಂದ 1509ರ ವರೆಗೆ ಕೂಡಿಸಿದ ಒಂದು ಸೋಜಿಗದ ಗಡಿಯಾರವಿದೆ. ದಿನವೂ ನಡುಹಗಲು ಹನ್ನೆರಡಕ್ಕೆ ಏಳು ಬೊಂಬೆಗಳು ಹೊರಬಂದು, ಸಿಂಹಾಸನದಲ್ಲಿ ಕುಳಿತ ಚಕ್ರವರ್ತಿಯ ಬೊಂಬೆಯನ್ನು ಮೂರು ಸುತ್ತು ಬರುತ್ತವೆ. ಚಕ್ರವರ್ತಿಯನ್ನು ಆರಿಸುವ ಹಕ್ಕು ಮೂವರು ಆರ್ಚ್‌ಬಿಷಪ್ಪರಿಗೂ ನಾಲ್ವರು ಅರಸರಿಗೂ ಸೇರಿದ್ದೆಂದು 1356ರಲ್ಲಿ ಚಾರ್ಲ್ಸ್ ಸುವರ್ಣಮುದ್ರೆಯ ಶಾಸನವನ್ನು ಹೊರಡಿಸಿದ್ದನು. ಅದರ ನೆನಪಿಗಾಗಿ ಈ ಬೊಂಬೆಯಾಟ.

ಚೌಕದ ವಾಯವ್ಯ ಮೂಲೆಯಲ್ಲಿರುವುದು ‘ಚೆಲುವಿನ ಕಾರಂಜಿ’. 1385ರಿಂದ 1396ರ ವರೆಗೆ ಹೈನ್ರಿಷ್ ಬೆಹೈಮ್ ಎಂಬ ಶಿಲ್ಪಿ ಇದನ್ನು ನಿರ್ಮಿಸಿದನು. ಇಗರ್ಜಿಯ ಗೋಪುರದ ತುದಿಯನ್ನು ಕಿತ್ತು ನೆಲದ ಮೇಲಿಟ್ಟಂತೆ ಕಾಣುವ ಇದರ ಎತ್ತರ ಸುಮಾರು 19 ಮೀಟರು. ನಾಲ್ಕು ಅಂತಸ್ತುಗಳಲ್ಲಿ ನಲವತ್ತು ಪ್ರತಿಮೆಗಳು: ಕೆಳಗೆ ತತ್ತ್ವಶಾಸ್ತ್ರ ಮತ್ತು ಏಳು ವಿದ್ಯೆಗಳು, ಅವುಗಳ ಮೇಲೆ ಸುವಾರ್ತೆಗಳನ್ನು ಬರೆದವರು ಮತ್ತು ಧರ್ಮಾಚಾರ್ಯರು, ಅವರ ಮೇಲೆ ಅರಸರು ಮತ್ತು ವೀರರು, ತುದಿಗೆ ಮೋಶೆ ಮತ್ತು ಏಳು ಪ್ರವಾದಿಗಳು. ಯೆಹೂದ್ಯರನ್ನು ಕೊಂದು ತೆರವು ಮಾಡಿದ ಜಾಗದಲ್ಲಿ ಯೆಹೂದ್ಯರ ಪ್ರವಾದಿಗಳೇ ಎಲ್ಲರಿಗಿಂತ ಮೇಲೆ ನಿಂತಿದ್ದಾರೆ! ಮೂಲದ ಮರಳುಗಲ್ಲು ಸವೆದುದರಿಂದ, ಈಗ ಕಾಣುವುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಾಡಿದ ಪ್ರತಿ. ಹಳೆಯ ಪ್ರತಿಮೆಗಳ ಭಗ್ನಾವಶೇಷಗಳು ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿವೆ. ಕಾರಂಜಿಯ ಕಬ್ಬಿಣದ ಜಾಲರಿಯಲ್ಲಿ ಬೆಸುಗೆಯೇ ಕಾಣದ ಒಂದು ಉಂಗುರವುಂಟು. ಅದನ್ನು ತಿರುಗಿಸಿದವರ ಬಯಕೆ ಕೈಗೂಡುವುದೆಂದು ಜನರ ನಂಬಿಕೆ.

ಚೌಕದ ಕಥೆ ಇಲ್ಲಿಗೆ ಮುಗಿಯಲಿಲ್ಲ. 1349ರ ಅನಂತರ ಯೆಹೂದ್ಯರು ಮರಳಿ ಬಂದು ನೆಲೆಸಿದರು. 1499ರಲ್ಲಿ ಅವರನ್ನು ಮತ್ತೆ ಹೊರದೂಡಿದರು. ನಗರದಲ್ಲಿ ಮರಳಿ ಯೆಹೂದ್ಯನೊಬ್ಬನಿಗೆ ಪೌರತ್ವ ದೊರೆತದ್ದು 1850ರಲ್ಲಿ. 1902ರಲ್ಲಿ ಯೆಹೂದ್ಯ ಶ್ರೀಮಂತರೊಬ್ಬರ ಧನಸಹಾಯದಿಂದ ಇದೇ ಚೌಕದಲ್ಲಿ ನೆಪ್ಚೂನನ ಕಾರಂಜಿಯೊಂದು ಎದ್ದಿತು. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದು ಚೌಕಕ್ಕೆ ಹಿಟ್ಲರನ ಹೆಸರಿಟ್ಟರು. ಮರುವರ್ಷ ನೆಪ್ಚೂನನ ಕಾರಂಜಿಯನ್ನು ಕಿತ್ತು ಸಾಗಿಸಿದರು. ಪಕ್ಷದ ಮಹಾಸಭೆಗಳ ಕಾಲದಲ್ಲಿ ಪಡೆಗಳು ಇಲ್ಲಿ ಸಾಲುಸಾಲಾಗಿ ನಡೆದವು. ಹಿಟ್ಲರ್ ನಿಂತು ವಂದನೆ ಸ್ವೀಕರಿಸಿದನು. ಒಮ್ಮೆ ಬರಿದು ಮಾಡಿದ ನೆಲ ಮತ್ತೊಮ್ಮೆ ದ್ವೇಷದ ಮೆರವಣಿಗೆಗೆ ಅನುಕೂಲವಾಯಿತು.

1945ರ ಜನವರಿ 2ರ ರಾತ್ರಿ ಬಾಂಬುಗಳು ಬಿದ್ದು ಹಳೆಯ ನಗರದ ಬಹುಭಾಗ ಸುಟ್ಟುಹೋಯಿತು. ಇಗರ್ಜಿಯ ಹೊರಗೋಡೆಗಳಷ್ಟೇ ಉಳಿದವು. ಮೊದಲೇ ಕಾಂಕ್ರೀಟಿನ ಕವಚ ತೊಡಿಸಿದ್ದರಿಂದ ಚೆಲುವಿನ ಕಾರಂಜಿ ಬದುಕಿಕೊಂಡಿತು. ಯುದ್ಧಾನಂತರ ಚೌಕಕ್ಕೆ ಹಳೆಯ ಹೆಸರು ಬಂತು. 1948ರಲ್ಲಿ ಕ್ರಿಸ್‌ಮಸ್ ಸಂತೆ ಮತ್ತೆ ಕೂಡಿತು. 1953ರ ಹೊತ್ತಿಗೆ ಇಗರ್ಜಿ ಮತ್ತೆ ಎದ್ದು ನಿಂತಿತು. ಇಂದಿಗೂ ಡಿಸೆಂಬರಿನಲ್ಲಿ ಆ ಸಂತೆಯ ಬೆಳಕು ನೋಡಲು ದೇಶದೇಶಗಳಿಂದ ಜನ ಬರುತ್ತಾರೆ. ಇಗರ್ಜಿಯ ಒಳಗೆ, ಬಲಿಪೀಠದ ಭಾಗದ ನೆಲಹಾಸಿನಲ್ಲಿ, ದಾವೀದನ ಆರು ಮೊನೆಗಳ ನಕ್ಷತ್ರವೊಂದನ್ನು ಕೂಡಿಸಿದ್ದಾರೆ. ಕೆಡವಿದ ಪ್ರಾರ್ಥನಾಮಂದಿರದ ನೆನಪು ಅದು.

ವಾಸ್ತುವಿದ್ಯೆಯೆಂದರೆ ಕಂಬ, ಕಮಾನು, ಗೋಪುರಗಳ ವಿಚಾರವೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಕಟ್ಟಿದ್ದನ್ನು ನೋಡಿದಂತೆ ಕೆಡವಿದ್ದನ್ನೂ ನೋಡಬೇಕೆಂಬುದು ನ್ಯೂರೆಂಬರ್ಗಿನ ಚೌಕ ಕಲಿಸುವ ಪಾಠ. ಆ ಇಗರ್ಜಿಯ ಶಿಲ್ಪಿಗಳ ಕೈಚಳಕ ಸುಳ್ಳಲ್ಲ; ಆ ನೆಲದಲ್ಲಿ ಒಲೆ ಹಚ್ಚಿ ಬದುಕಿದ್ದವರ ಸಾವೂ ಸುಳ್ಳಲ್ಲ. ಒಂದನ್ನು ಹೊಗಳುವುದಕ್ಕಾಗಿ ಇನ್ನೊಂದನ್ನು ಮರೆಯಬೇಕಾಗಿಲ್ಲ. ಆ ಊರಿನವರು ನೆಲದಲ್ಲಿ ಕೂಡಿಸಿದ ನಕ್ಷತ್ರ ಸಣ್ಣದು. ಆದರೆ ತಲೆ ತಗ್ಗಿಸಿದಾಗಲೇ ಅದು ಕಣ್ಣಿಗೆ ಬೀಳುತ್ತದೆ.