ಘಾಟಿ ಇಳಿಯೋಕೆ ಮುಂಚೆ

ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳೀತಿದ್ದೀರಿ, ಲಾರಿ ತುಂಬಾ ಲೋಡು. ಗಾಡಿ ಎಎಂಟಿ, ಕ್ಲಚ್ ಪೆಡಲ್ಲೇ ಇಲ್ಲ, ಗೇರು ತಾನೇ ಬದಲಾಗುತ್ತೆ. ಆದ್ರೆ ಮುಂದಿನ ತಿರುವು ಕಾಣೋದು ನಿಮಗೆ. ಅದಕ್ಕೇ ಇಳಿಜಾರು ಶುರುವಾಗೋ ಮೊದಲೇ ವೇಗ ಇಳಿಸಿ, ಮ್ಯಾನುಯಲ್ ಮೋಡ್‌ಗೆ ಹಾಕಿ, ಕೆಳಗಿನ ಗೇರು ಹಿಡೀರಿ.

ಈಗ ಎಕ್ಸಾಸ್ಟ್ ಬ್ರೇಕ್ ಆನ್ ಮಾಡಿ, ಆಕ್ಸಿಲರೇಟರ್‌ನಿಂದ ಕಾಲು ಪೂರ್ತಿ ತೆಗೀರಿ. ಹೊಗೆ ಹೋಗೋ ದಾರಿಯ ವಾಲ್ವ್ ಮುಚ್ಕೊಳ್ಳುತ್ತೆ, ಪಿಸ್ಟನ್‌ಗಳು ಆ ಒತ್ತಡದ ವಿರುದ್ಧ ದುಡೀಬೇಕಾಗುತ್ತೆ, ಗಾಡಿ ನಿಧಾನ ಆಗುತ್ತೆ. ಆರ್‌ಪಿಎಂ ಜಾಸ್ತಿ ಇದ್ದಷ್ಟೂ ಹಿಡಿತ ಜಾಸ್ತಿ. ಇಂಜಿನ್ ಜೋರಾಗಿ ಕೂಗ್ತಿದೆ ಅಂತ ಹೆದರಿ ಮೇಲಿನ ಗೇರಿಗೆ ಹಾಕ್ಬೇಡಿ. ಮುಳ್ಳು ಕೆಂಪು ಗೆರೆ ಹತ್ರ ಬಂದ್ರೆ ಕಾಲ್ ಬ್ರೇಕ್ ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಬಿಟ್ಬಿಡಿ. ಉದ್ದಕ್ಕೂ ಒತ್ಕೊಂಡೇ ಬಂದ್ರೆ ಡ್ರಮ್ಮು ಕಾದು, ಬೇಕಾದಾಗ ಬ್ರೇಕು ಹಿಡಿಯೋದೇ ಇಲ್ಲ.

ಡೀಸೆಲ್ ಉಳಿಸೋಕೆ ನ್ಯೂಟ್ರಲ್ಲಾ? ಕೈ ಮುಗೀತೀನಿ, ಬೇಡವೇ ಬೇಡ. ಇಳಿಜಾರಲ್ಲಿ ಗೇರಿನಲ್ಲಿದ್ದು ಕಾಲು ತೆಗೆದ್ರೆ ಈಗಿನ ಇಂಜಿನ್‌ಗೆ ಡೀಸೆಲ್ ಹೋಗೋದೇ ನಿಲ್ಲುತ್ತೆ. ನ್ಯೂಟ್ರಲ್‌ನಲ್ಲಿ ಡೀಸೆಲ್ಲೂ ಕುಡಿಯುತ್ತೆ, ಇಂಜಿನ್ ಹಿಡಿತಾನೂ ಇರಲ್ಲ.

ಮಳೆಯಲ್ಲಿ ಖಾಲಿ ಲಾರಿ ಇದ್ರೆ ಮಾತ್ರ ಹುಷಾರು, ಎಕ್ಸಾಸ್ಟ್ ಬ್ರೇಕಿಗೆ ಹಿಂದಿನ ಚಕ್ರ ಜಾರಬಹುದು. ಜಾರ್ತಿದೆ ಅನ್ನಿಸಿದ ತಕ್ಷಣ ಆಫ್ ಮಾಡಿ.